ಮಕ್ಕಳ ಮನೆಗೆಲಸದಲ್ಲಿ ಹೆತ್ತವರ ಪಾತ್ರ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಪ್ರೀತಿಯಿಂದ ಕೇಳಿಕೊಂಡಿದ್ದಾರೆ. ಶಾಲೆಯ ಇತಿಹಾಸವನ್ನೂ ಅದನ್ನು ಕಟ್ಟಿ ಬೆಳೆಸಿದ ಮಹನೀಯರ ತ್ಯಾಗವನ್ನೂ ಕುರಿತು ಬಲ್ಲವರು ಬರೆದಿರುತ್ತಾರೆ. ಆದುದರಿಂದ ನಾನು ಶಾಲೆಯ ಆವರಣದ ಹೊರಗೆ, ಸಂಜೆಯ ಹೊತ್ತು ಮನೆಯ ಜಗಲಿಯಲ್ಲಿ ನಡೆಯುವ ವಿದ್ಯಾಭ್ಯಾಸದ ಬಗ್ಗೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಹೋಂವರ್ಕ್ ಎಂದು ಇಂದು ಎಲ್ಲರೂ ಹೇಳುವುದನ್ನು ನಮ್ಮ ಕಾಲದಲ್ಲಿ ಮನೆಗೆಲಸವೆಂದೇ ಕರೆಯುತ್ತಿದ್ದೆವು. ಈ ಲೇಖನದಲ್ಲಿಯೂ ಅದೇ ಶಬ್ದವನ್ನು ಬಳಸುತ್ತೇನೆ.

ಮೂವತ್ತಾರು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ, ವಿಶೇಷವಾಗಿ ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ, ಹೆತ್ತವರ ಬಾಯಿಂದ ನಾನು ಅತಿ ಹೆಚ್ಚು ಬಾರಿ ಕೇಳಿದ ಮಾತು ಒಂದೇ: "ಮಾಷ್ಟ್ರೇ, ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲ." ಕೇಳುವುದಕ್ಕೆ ಸಾಮಾನ್ಯವಾಗಿ ತೋರುವ ಈ ಮಾತಿನ ಹಿಂದೆ ನಮ್ಮ ಕನ್ನಡ ಶಾಲೆಗಳ ಅಳಿವು ಉಳಿವಿನ ಪ್ರಶ್ನೆಯೇ ಅಡಗಿದೆ. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಹಾಜರಿದ್ದ ಮಕ್ಕಳ ಎಣಿಕೆಯ ಮೇಲೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕರು ಎಂಬುದು ನಿರ್ಧಾರವಾಗುತ್ತದೆಯೆಂದು ಈ ಸಂಚಿಕೆಯ ಓದುಗರಲ್ಲಿ ಅನೇಕರು ಬಲ್ಲರು. ಆ ದಿನದ ಮೊದಲು ಟಿ.ಸಿ. ಕೇಳಿಕೊಂಡು ಬರುವ ಹೆತ್ತವರನ್ನು ಕುಳ್ಳಿರಿಸಿ ಕಾರಣ ವಿಚಾರಿಸುವುದು ನನ್ನ ರೂಢಿಯಾಗಿತ್ತು. ಕನ್ನಡದ ಮೇಲಿನ ಅನಾದರದಿಂದ ಮಗುವನ್ನು ಬಿಡಿಸಿಕೊಂಡು ಹೋದವರು ಬಹಳ ಕಡಿಮೆ. "ನನಗೆ ಕನ್ನಡ ಓದಲು ಬರುವುದಿಲ್ಲ", "ಇವಳು ಕಲಿತದ್ದು ಮಲಯಾಳದಲ್ಲಿ", "ವಿಜ್ಞಾನದ ಶಬ್ದಗಳು ನಮಗೆ ತಿಳಿಯುವುದಿಲ್ಲ" ಎಂಬಿವೇ ಹೆಚ್ಚಿನವರ ಉತ್ತರಗಳು. ವಿಶೇಷವೆಂದರೆ ಹೀಗೆ ಹೇಳಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವರಲ್ಲಿ ಅನೇಕರು ಇಂಗ್ಲಿಷನ್ನೂ ಹೇಳಿಕೊಡಲಾರದೆ ಟ್ಯೂಶನ್ನಿಗೆ ಕಳುಹಿಸಿದರು. ಮನೆಯಲ್ಲಿ ನೆರವಾಗುವುದೆಂದರೆ ಪಾಠ ಹೇಳಿಕೊಡುವುದು ಎಂಬ ತಪ್ಪು ಕಲ್ಪನೆಯೇ ಇದರ ಮೂಲವೆಂದು ನನ್ನ ಅಭಿಪ್ರಾಯ. ಪಾಠ ಹೇಳುವುದು ಶಾಲೆಯ ಕೆಲಸ. ಮನೆಯವರು ಮಾಡಬೇಕಾದ ಕೆಲಸ ಬೇರೆ. ಅದಕ್ಕೆ ಪಾಂಡಿತ್ಯದ ಅಗತ್ಯವಿಲ್ಲ.

ನಮ್ಮ ಮನೆಗಳ ಭಾಷೆ

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿಯೆಂದು ಹೆಮ್ಮೆಯಿಂದ ಹೇಳುತ್ತೇವೆ. ಒಂದೇ ಬೆಂಚಿನಲ್ಲಿ ಕುಳಿತ ನಾಲ್ಕು ಮಕ್ಕಳಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಹವ್ಯಕ ಕನ್ನಡ, ಮತ್ತೊಬ್ಬನದು ಬ್ಯಾರಿ, ನಾಲ್ಕನೆಯವಳದು ಕೊಂಕಣಿ ಅಥವಾ ಮರಾಠಿ. ಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ನಾನು ಒಂದನೆಯ ತರಗತಿಗೆ ಸೇರಿದ 1956ರ ನವೆಂಬರ್ 1ರಂದು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಬಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಕಲ್ಪಿಸುವುದು ರಾಜ್ಯಗಳ ಹೊಣೆಯಾಯಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. 2017ರಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನನ್ನು ಕೇರಳ ವಿಧಾನಸಭೆ ಅಂಗೀಕರಿಸಿದಾಗ ಕನ್ನಡಿಗರಲ್ಲಿ ಆತಂಕ ಮೂಡಿದುದು ಎಲ್ಲರಿಗೂ ತಿಳಿದಿದೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದ್ದಕ್ಕಾಗಿ ಮಕ್ಕಳೂ ಹೆತ್ತವರೂ ಪ್ರತಿಭಟಿಸಬೇಕಾಗಿ ಬಂದ ಪ್ರಸಂಗಗಳೂ ಈ ಜಿಲ್ಲೆಯಲ್ಲಿ ನಡೆದಿವೆ. ಹಕ್ಕುಗಳಿಗಾಗಿ ಹೋರಾಡುವುದು ಅಗತ್ಯವೇ ಸರಿ. ಆದರೆ ಹೋರಾಡಿ ಉಳಿಸಿಕೊಂಡ ತರಗತಿಯಲ್ಲಿ ಕುಳಿತ ಮಗು ಸಂಜೆ ಪುಸ್ತಕ ಬಿಡಿಸದಿದ್ದರೆ ಆ ಹಕ್ಕಿನಿಂದ ಫಲವೇನು?

ಮನೆಯ ಭಾಷೆ ಬೇರೆಯಾದುದರಿಂದ ಮಗು ಕನ್ನಡದಲ್ಲಿ ಹಿಂದುಳಿಯುತ್ತದೆ ಎಂಬ ಅಳುಕು ಬೇಡ. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದು ನಾಡೋಜರೆನಿಸಿದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಈ ಇಬ್ಬರು ಮಹನೀಯರ ಕನ್ನಡಕ್ಕೆ ಮನೆಯ ಭಾಷೆ ಅಡ್ಡಿಯಾಗಲಿಲ್ಲ. ಬೇರೊಂದು ಭಾಷೆಯ ಬಲದ ಮೇಲೆ ಅವರ ಕನ್ನಡ ಬೆಳೆಯಿತೆಂದೇ ಹೇಳಬೇಕು.

ಮನೆಗೆಲಸ ಎಷ್ಟಿರಬೇಕು?

ಮನೆಗೆಲಸ ಹೆಚ್ಚಿದಷ್ಟೂ ವಿದ್ಯೆ ಹೆಚ್ಚುತ್ತದೆಂಬ ನಂಬಿಕೆ ಹೆತ್ತವರಲ್ಲಿದೆ. "ಈಚೆಗೆ ಮಾಷ್ಟ್ರುಗಳು ಏನೂ ಬರೆಯಲು ಕೊಡುವುದಿಲ್ಲ" ಎಂಬ ದೂರು ರಕ್ಷಕ–ಶಿಕ್ಷಕ ಸಂಘದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ತಜ್ಞರ ಅಭಿಪ್ರಾಯ ಹೀಗಿಲ್ಲ. ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯ ಸಮಿತಿಯು 1993ರಲ್ಲಿ ಕೇಂದ್ರ ಸರಕಾರಕ್ಕೆ ಸಲ್ಲಿಸಿದ ವರದಿಯಲ್ಲಿ, ಪ್ರಾಥಮಿಕ ತರಗತಿಗಳಿಗೆ ಮನೆಯ ಪರಿಸರವನ್ನು ಅರಸಿ ತಿಳಿಯುವ ಕೆಲಸದ ಹೊರತು ಬೇರೆ ಮನೆಗೆಲಸ ಕೊಡಬಾರದೆಂದು ಶಿಫಾರಸು ಮಾಡಿತು. ಕೇಂದ್ರ ಶಿಕ್ಷಣ ಇಲಾಖೆಯ 2020ರ ಶಾಲಾ ಚೀಲ ನೀತಿಯು ಎರಡನೆಯ ತರಗತಿಯವರೆಗೆ ಮನೆಗೆಲಸ ಬೇಡವೆಂದೂ, 3ರಿಂದ 5ನೆಯ ತರಗತಿಯವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಸಾಕೆಂದೂ ಹೇಳಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಹ್ಯಾರಿಸ್ ಕೂಪರ್ ಎಂಬ ವಿದ್ವಾಂಸರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಮನೆಗೆಲಸಕ್ಕೂ ಪರೀಕ್ಷೆಯ ಅಂಕಗಳಿಗೂ ಇರುವ ಸಂಬಂಧ ಮೇಲಿನ ತರಗತಿಗಳಲ್ಲಿ ಸ್ಪಷ್ಟ. ಕಿರಿಯ ತರಗತಿಗಳಲ್ಲಿ ಅತ್ಯಲ್ಪ. ತರಗತಿಯ ಸಂಖ್ಯೆಯನ್ನು ಹತ್ತರಿಂದ ಗುಣಿಸಿದಷ್ಟು ನಿಮಿಷ ಸಾಕು ಎಂಬ ಸೂತ್ರವೊಂದು ಆ ದೇಶದಲ್ಲಿ ರೂಢಿಯಲ್ಲಿದೆ. ಮೂರನೆಯ ತರಗತಿಗೆ 30 ನಿಮಿಷ, ಆರನೆಯದಕ್ಕೆ ಒಂದು ಗಂಟೆ. ನಮ್ಮ ಮನೆಗಳಿಗೂ ಇದು ಸಲ್ಲುತ್ತದೆ.

ಹಾಗಾದರೆ ಮನೆಗೆಲಸವೇಕೆ? ಶಾಲೆಯಲ್ಲಿ ಕೇಳಿದ್ದನ್ನು ಅಧ್ಯಾಪಕರ ನೆರವಿಲ್ಲದೆ ತಾನೇ ಮಾಡಬಲ್ಲೆನೇ ಎಂದು ಮಗು ಪರೀಕ್ಷಿಸಿಕೊಳ್ಳುವುದು ಒಂದು ಉದ್ದೇಶ. ಹೊತ್ತಿಗೆ ಸರಿಯಾಗಿ ಕುಳಿತು ಹಿಡಿದ ಕೆಲಸವನ್ನು ಮುಗಿಸುವ ಅಭ್ಯಾಸ ಬೆಳೆಸುವುದು ಇನ್ನೊಂದು. ನಾವು ಕಲಿಯುವಾಗ ಮನೆಗೆಲಸವೆಂದರೆ ಒಂದು ಪುಟ ಕಾಪಿ ಬರೆಯುವುದು, ಮಗ್ಗಿ ಬಾಯಿಪಾಠ ಮಾಡುವುದು, ನೀರುಕಡ್ಡಿಯಿಂದ ಸ್ಲೇಟು ಒರೆಸಿ ನಾಲ್ಕು ಲೆಕ್ಕ ಬಿಡಿಸುವುದು. ಡಿ.ಪಿ.ಇ.ಪಿ. ಯೋಜನೆಯು 1994ರಲ್ಲಿ ಕೇರಳಕ್ಕೆ ಬಂದಾಗ ಮೊದಲ ಹಂತದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದಾಗಿತ್ತು. ಅದರ ಬೆನ್ನಿಗೆ ಚಟುವಟಿಕೆ ಆಧಾರಿತ ಪಾಠಪುಸ್ತಕಗಳು ಬಂದವು. "ಮನೆಯ ಸುತ್ತಲಿನ ಗಿಡಗಳ ಪಟ್ಟಿ ಮಾಡಿರಿ", "ಅಜ್ಜಿಯಿಂದ ಒಂದು ಕತೆ ಕೇಳಿ ಬರೆಯಿರಿ" ಎಂಬಂಥ ಕೆಲಸಗಳನ್ನು ಕಂಡು ಹೆತ್ತವರು ಗಲಿಬಿಲಿಗೊಂಡರು. ಇದೂ ಒಂದು ಪಾಠವೇ ಎಂದು ಕೇಳಿದರು. ಆದರೆ ಅಕ್ಷರ ಬಾರದ ಅಜ್ಜಿಯೂ ಮೊಮ್ಮಗುವಿನ ಮನೆಗೆಲಸಕ್ಕೆ ನೆರವಾಗುವ ಅವಕಾಶ ದೊರೆತದ್ದು ಈ ಬದಲಾವಣೆಯಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಹೆತ್ತವರು ಮಾಡಬೇಕಾದುದು

ಮೊದಲನೆಯದಾಗಿ, ಹೊತ್ತು ಮತ್ತು ಸ್ಥಳ. ಶಾಲೆಯಿಂದ ಬಂದ ಮಗು ಕೈಕಾಲು ತೊಳೆದು, ಏನಾದರೂ ತಿಂದು, ಅಂಗಳದಲ್ಲಿ ಸ್ವಲ್ಪ ಆಡಲಿ. ದೀಪ ಹಚ್ಚುವ ಹೊತ್ತಿಗೆ ಪುಸ್ತಕ ತೆಗೆಯಲಿ. ದಿನವೂ ಅದೇ ಹೊತ್ತು, ಅದೇ ಜಾಗ. ಪ್ರತ್ಯೇಕ ಕೋಣೆ, ಮೇಜು ಬೇಕೆಂದಿಲ್ಲ; ಜಗಲಿಯ ಒಂದು ಮೂಲೆ ಸಾಕು. ಆದರೆ ಆ ಅರ್ಧ ಗಂಟೆ ಟಿ.ವಿ. ಆರಿರಬೇಕು, ಹಿರಿಯರ ಕೈಯಲ್ಲಿ ಮೊಬೈಲ್ ಇರಬಾರದು.

ಎರಡನೆಯದಾಗಿ, ಕೇಳಿಸಿಕೊಳ್ಳುವುದು. ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಂಜೆ ಮೊರವನ್ನು ಮಡಿಲಲ್ಲಿಟ್ಟು ಎಲೆ ಕತ್ತರಿಸುತ್ತ ಮಗನನ್ನು ಎದುರಿಗೆ ಕುಳ್ಳಿರಿಸಿ, "ಇಂದು ಏನು ಕಲಿಸಿದರು, ಗಟ್ಟಿಯಾಗಿ ಓದು" ಎನ್ನುತ್ತಿದ್ದರು. ಓದಿ ಮುಗಿದ ಮೇಲೆ ತುಳುವಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ಹಾಗೆಂದರೆ ಏನು? ಹುಡುಗ ತುಳುವಿನಲ್ಲಿ ವಿವರಿಸಬೇಕು. ತಾಯಿಗೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಬೇಕು. ಎರಡನೆಯ ಬಾರಿಯೂ ಹೇಳಲಾರದಿದ್ದರೆ, "ನಾಳೆ ಮಾಷ್ಟ್ರಲ್ಲಿ ಕೇಳಿಕೊಂಡು ಬಾ" ಎನ್ನುತ್ತಿದ್ದರು. ಮರುದಿನ ಬೆಳಗ್ಗೆ ಆ ಹುಡುಗ ನಿರ್ದಿಷ್ಟವಾದ ಸಂಶಯವನ್ನು ಹಿಡಿದುಕೊಂಡು ನನ್ನ ಬಳಿ ಬರುತ್ತಿದ್ದ. ತನಗೆ ಏನು ತಿಳಿದಿಲ್ಲವೆಂದು ತಿಳಿದ ವಿದ್ಯಾರ್ಥಿಗೆ ಕಲಿಸುವುದು ಎಷ್ಟು ಸುಲಭವೆಂದು ಅಧ್ಯಾಪಕರಾದವರಿಗೆ ಗೊತ್ತು. ಓದಿದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬೇಕಾದಾಗ ಮಗು ಪಾಠವನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಕಟ್ಟಿಕೊಳ್ಳಬೇಕಾಗುತ್ತದೆ. ಬರಿಯ ಬಾಯಿಪಾಠದಿಂದ ಅದು ಸಾಧ್ಯವಿಲ್ಲ. ಅಕ್ಷರವರಿಯದ ಆ ತಾಯಿ ಕೊಟ್ಟ ನೆರವನ್ನು ಎಷ್ಟೋ ಪದವೀಧರ ತಂದೆಯರು ಕೊಟ್ಟುದನ್ನು ನಾನು ಕಾಣಲಿಲ್ಲ.

ಮೂರನೆಯದಾಗಿ, ಉತ್ತರ ಹೇಳದೆ ಪ್ರಶ್ನೆ ಕೇಳುವುದು. ಒಂದು ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಕಿಲೋ ಅಡಿಕೆಗೆ 400 ರೂಪಾಯಿಯಾದರೆ 2 ಕಿಲೋ 250 ಗ್ರಾಂ ಅಡಿಕೆಗೆ ಎಷ್ಟು? ಮಗು 400ನ್ನು 2ರಿಂದ ಗುಣಿಸಿ, ಅದಕ್ಕೆ 250ನ್ನು ಕೂಡಿಸಿ 1,050 ಎಂದು ಬರೆದಿದೆ. "ತಪ್ಪು, 900 ಎಂದು ಬರೆ" ಎಂದರೆ ಈ ಒಂದು ಲೆಕ್ಕ ಸರಿಯಾದೀತು. ಮುಂದಿನದು ಮತ್ತೆ ತಪ್ಪುತ್ತದೆ. ಬದಲಾಗಿ ಕೇಳಬೇಕು: ಎರಡು ಕಿಲೋಗೆ ಎಷ್ಟು? 800. ಮೂರು ಕಿಲೋಗೆ? 1,200. ನಮ್ಮ ಅಡಿಕೆ ಎರಡು ಕಿಲೋದ ಹತ್ತಿರವೋ ಮೂರರ ಹತ್ತಿರವೋ? ಎರಡರ ಹತ್ತಿರ. ಹಾಗಾದರೆ 1,050 ಆದೀತೇ? ಇಲ್ಲಿ ಮಗು ನಿಂತು ಯೋಚಿಸುತ್ತದೆ. 250 ಗ್ರಾಂ ಎಂದರೆ ಕಿಲೋದ ಎಷ್ಟನೆಯ ಪಾಲು? ಕಾಲು. 400ರಲ್ಲಿ ಕಾಲು ಎಷ್ಟು? 100. ಈಗ 900 ಎಂಬ ಉತ್ತರ ಮಗುವಿನ ಬಾಯಿಂದಲೇ ಬರುತ್ತದೆ. ಇಲ್ಲಿ ತಂದೆ ಉಪಯೋಗಿಸಿದ್ದು ಪೇಟೆಯಲ್ಲಿ ಅಡಿಕೆ ಮಾರುವಾಗ ದಿನವೂ ಮಾಡುವ ಮನೋಗಣಿತವನ್ನೇ. ಭಿನ್ನರಾಶಿ ಎಂಬ ಶಬ್ದಕ್ಕೆ ಹೆದರುವ ಮಗುವಿಗೂ ಅರೆ, ಕಾಲು, ಮುಕ್ಕಾಲು ಎಂಬ ಮಾತುಗಳು ಮನೆಯಲ್ಲಿ ಮೊದಲೇ ತಿಳಿದಿರುತ್ತವೆ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಹಳೆಯ ಅಳತೆಯನ್ನು ಅಜ್ಜ ಹೇಳಿ, "ಐದು ಮುಡಿ ಅಕ್ಕಿಯೆಂದರೆ ಎಷ್ಟು ಸೇರು?" ಎಂದು ಕೇಳಿದರೆ ಗುಣಾಕಾರದ ಅಭ್ಯಾಸವೂ ಆಯಿತು, ಗೇಣಿಗೆ ಅಕ್ಕಿ ಅಳೆದುಕೊಡುತ್ತಿದ್ದ ಕಾಲದ ಕತೆಯೂ ಆಯಿತು.

ನಾಲ್ಕನೆಯದಾಗಿ, ಮನೆಮಾತನ್ನು ಸೇತುವೆಯಾಗಿ ಬಳಸುವುದು. ಗಿಡಗಳ ಪಟ್ಟಿಗೆ ಅಜ್ಜಿ "ತಿಮರೆ" ಎಂದರೆ ಮಗು ಹಾಗೆಯೇ ಬರೆದುಕೊಳ್ಳಲಿ. ಮರುದಿನ ತರಗತಿಯಲ್ಲಿ ಅದು ಒಂದೆಲಗ ಎಂದು ತಿಳಿಯುತ್ತದೆ. ಹಲಸು, ಪೆಲಕಾಯಿ, ಚಕ್ಕ ಎಂದು ಒಂದೇ ಕಾಯಿಗೆ ಮೂರು ಹೆಸರು ಬಲ್ಲ ಮಗುವಿಗೆ ಶಬ್ದ ಬೇರೆ, ವಸ್ತು ಬೇರೆ ಎಂಬ ವಿವೇಕ ಸಣ್ಣಂದಿನಲ್ಲಿಯೇ ಮೂಡುತ್ತದೆ. ಆದರೆ ಎಚ್ಚರಿಕೆ ವಹಿಸಬೇಕಾದ ಸ್ಥಳಗಳೂ ಇವೆ. ಮಲಯಾಳದಲ್ಲಿ "ಅವಸರ"ವೆಂದರೆ ಅವಕಾಶ, "ಸಂಸಾರ"ವೆಂದರೆ ಮಾತುಕತೆ. ಆದುದರಿಂದ ಮನೆಯಲ್ಲಿ ಮಲಯಾಳ ಆಡುವ ಮಗು "ನನಗೆ ಆಡಲು ಅವಸರ ಸಿಗಲಿಲ್ಲ" ಎಂದು ಬರೆದರೆ ಅದನ್ನು ದಡ್ಡತನವೆಂದು ಬೈಯಬಾರದು. ಎರಡು ಭಾಷೆಗಳ ವ್ಯತ್ಯಾಸವನ್ನು ತೋರಿಸಿಕೊಡಬೇಕು. ತುಳುವಿನ "ಇಲ್ಲ್" ಮನೆಯಾದರೆ ಕನ್ನಡದ "ಇಲ್ಲ" ನಿಷೇಧ. ನಮ್ಮ ಮಕ್ಕಳ ಬರವಣಿಗೆಯಲ್ಲಿ ಮಹಾಪ್ರಾಣಗಳು ತಪ್ಪುವುದೂ ಸಾಮಾನ್ಯ. ಭಾರತವು "ಬಾರತ"ವಾಗುತ್ತದೆ, ಧನವು "ದನ"ವಾಗುತ್ತದೆ. ತಿದ್ದಲು ತಾಯಿಗೆ ಕಾಗುಣಿತ ಬರಬೇಕೆಂದಿಲ್ಲ. "ಈ ಶಬ್ದ ಪುಸ್ತಕದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು" ಎಂದರೆ ಸಾಕು. ಹುಡುಕಿ, ಹೋಲಿಸಿ, ತನ್ನ ತಪ್ಪನ್ನು ಮಗು ತಾನೇ ಕಾಣುತ್ತದೆ. ಹಾಗೆ ಕಂಡುಕೊಂಡ ತಪ್ಪು ಮತ್ತೆ ಸುಲಭವಾಗಿ ಮರುಕಳಿಸುವುದಿಲ್ಲ.

ಮಾಡಬಾರದುದು

ಮಗುವಿನ ಪರವಾಗಿ ಬರೆದುಕೊಡುವುದು ಹೆತ್ತವರು ಮಾಡುವ ಅತಿ ದೊಡ್ಡ ಅಪಕಾರ. ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಬಣ್ಣದ ಕಾಗದ ಅಂಟಿಸಿ, ಮುತ್ತಿನಂಥ ಅಕ್ಷರಗಳಲ್ಲಿ ಬರೆದು ತರುವ ಪುಸ್ತಕಗಳಲ್ಲಿ ಅಕ್ಕನ ಅಥವಾ ಅಪ್ಪನ ಕೈಬರಹವನ್ನು ಗುರುತಿಸಲಾರದಷ್ಟು ಅಧ್ಯಾಪಕರು ಕುರುಡರಲ್ಲ. ಸೊಟ್ಟ ಅಕ್ಷರವಾದರೂ ಮಗುವಿನದೇ ಆದ ಮೂರು ವಾಕ್ಯಗಳಿಂದ ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲವೆಂದು ತಿಳಿಯುತ್ತದೆ. ಇಂದು ಮೊಬೈಲಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕ್ಷಣಮಾತ್ರದಲ್ಲಿ ದೊರೆಯುತ್ತದೆ; ಅದನ್ನು ನೋಡಿ ಬರೆಯುವುದು ಹಿಂದಿನ ಗೈಡ್ ನೋಡಿ ಬರೆಯುವುದಕ್ಕಿಂತ ಬೇರೆಯಲ್ಲ. ಮಗು ಮೊದಲು ತನ್ನ ಉತ್ತರ ಬರೆಯಲಿ. ಅನಂತರ ಮೊಬೈಲಿನಲ್ಲಿ ಹೋಲಿಸಿ ನೋಡಲಿ.

ಓದುವ ಹೊತ್ತಿನಲ್ಲಿ ಹೊಡೆಯುವುದು, ನೆರೆಮನೆಯ ಮಗುವಿನೊಡನೆ ಹೋಲಿಸುವುದು, ಅಧ್ಯಾಪಕರನ್ನು ಹಳಿಯುವುದು ಇವು ಮೂರನ್ನೂ ಬಿಡಬೇಕು. ಪೆಟ್ಟಿನ ಭಯದಲ್ಲಿ ಪುಸ್ತಕ ಬಿಡಿಸಿದ ಮಗುವಿಗೆ ದೊಡ್ಡವನಾದ ಮೇಲೆ ಪುಸ್ತಕವೆಂದರೆ ಪೆಟ್ಟಿನ ನೆನಪೇ ಬರುತ್ತದೆ. ಮಗುವಿಗೆ ನಿದ್ದೆ ತೂಗುತ್ತಿದ್ದರೆ ಪುಸ್ತಕ ಮುಚ್ಚಿಸಿ ಮಲಗಿಸಬೇಕು. ಮುಗಿಯದ ಲೆಕ್ಕಕ್ಕೆ ಕಾರಣವನ್ನು ಎರಡು ಸಾಲಿನ ಚೀಟಿಯಲ್ಲಿ ಬರೆದು ಕಳುಹಿಸಿದರೆ ವಿವೇಕಿಯಾದ ಅಧ್ಯಾಪಕನು ಅದನ್ನು ಮನ್ನಿಸುತ್ತಾನೆ.

ಕನ್ನಡ ಬಾರದ ಹೆತ್ತವರಿಗೆ, ದೂರದಲ್ಲಿರುವವರಿಗೆ

ಈಗ ತಾಯಂದಿರಲ್ಲಿ ಅಕ್ಷರ ಬಾರದವರು ಬಹಳ ಕಡಿಮೆ. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಲ್ಪಟ್ಟಿತು. ಆದರೆ ಮಲಯಾಳ ಬಲ್ಲ, ಕನ್ನಡ ಅಕ್ಷರ ಬಾರದ ತಾಯಂದಿರು ನಮ್ಮ ಊರಿನಲ್ಲಿ ಅನೇಕರಿದ್ದಾರೆ. ಚಂದ್ರಗಿರಿಯ ದಕ್ಷಿಣದಿಂದ ಮದುವೆಯಾಗಿ ಬಂದವರಿದ್ದಾರೆ. ಅವರಿಗೆ ನನ್ನ ಸಲಹೆ ಇಷ್ಟೇ. ಒಂದನೆಯ ತರಗತಿಯ ಮಗುವಿನೊಡನೆ ನೀವೂ ಒಂದು ಪುಸ್ತಕ ಇಟ್ಟುಕೊಂಡು ಕುಳಿತುಕೊಳ್ಳಿರಿ. ದಿನಕ್ಕೆರಡು ಅಕ್ಷರ ಮಗುವಿನಿಂದ ಕಲಿಯಿರಿ. ಅಮ್ಮನಿಗೆ ಕಲಿಸುವ ಮಗು ತನ್ನ ಪಾಠವನ್ನು ಮರೆಯುವುದಿಲ್ಲ. ಓಣಂ ಪರೀಕ್ಷೆಯ ಹೊತ್ತಿಗೆ ನಿಮಗೂ ಅಕ್ಷರಮಾಲೆ ಬಂದಿರುತ್ತದೆ. ಮಗು ಮಲಯಾಳ ಕಲಿಯುವಾಗ ನೀವು ಗುರುಗಳಾಗಿರಿ. ನಮ್ಮ ಮಕ್ಕಳು ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷ್ ಎಂಬ ನಾಲ್ಕು ಲಿಪಿಗಳನ್ನು ಕಲಿಯುವವರು. ಇದು ಹೊರೆಯೆಂದು ಕೊರಗುವ ಬದಲು ಮನೆಯಲ್ಲಿ ಯಾರಿಗೆ ಯಾವ ಲಿಪಿ ಬರುತ್ತದೋ ಅವರು ಅದಕ್ಕೆ ಜೊತೆಗೂಡಿದರೆ ಹೊರೆ ಹಂಚಿಹೋಗುತ್ತದೆ.

2020ರ ಜೂನ್ 1ರಂದು, ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ, ವಿಕ್ಟರ್ಸ್ ಚಾನೆಲಿನ ಮೂಲಕ "ಫಸ್ಟ್ ಬೆಲ್" ತರಗತಿಗಳು ಆರಂಭವಾದವು. ಅನಂತರ ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದವು. ಆ ದಿನಗಳಲ್ಲಿ ಪಾಠ ಎಲ್ಲ ಮಕ್ಕಳಿಗೂ ಒಂದೇ. ಕಲಿಕೆ ಮಾತ್ರ ಒಂದೇ ಆಗಲಿಲ್ಲ. ಪಾಠ ಮುಗಿದ ಮೇಲೆ "ಏನು ಹೇಳಿದರು?" ಎಂದು ಕೇಳುವವರು ಇದ್ದ ಮನೆಯ ಮಕ್ಕಳು ಮುಂದುವರಿದುದನ್ನು ನೆರೆಹೊರೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ನಮ್ಮ ಹಳೆವಿದ್ಯಾರ್ಥಿಯೊಬ್ಬರು ಇಂದಿಗೂ ದಿನವೂ ಕೆಲಸ ಮುಗಿಸಿ ಫೋನ್ ಮಾಡಿ, ಮಗಳಿಂದ ಒಂದು ಪುಟ ಕನ್ನಡ ಓದಿಸಿ ಕೇಳುತ್ತಾರೆ. ಹತ್ತು ನಿಮಿಷದ ಆ ಕರೆಗಾಗಿ ಮಗಳು ಮೊದಲೇ ಎರಡು ಬಾರಿ ಓದಿಕೊಂಡಿರುತ್ತಾಳಂತೆ.

ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಿರುವ ಹಳೆವಿದ್ಯಾರ್ಥಿಗಳೂ ಈ ಸಂಚಿಕೆಯನ್ನು ಓದುತ್ತೀರಿ. ನಿಮ್ಮ ತೀರ್ಮಾನವನ್ನು ಆಕ್ಷೇಪಿಸಲು ಇದನ್ನು ಬರೆಯುತ್ತಿಲ್ಲ. ಆದರೆ ನಿಮ್ಮ ಮಕ್ಕಳಿಗೆ ಕನ್ನಡ ಅಕ್ಷರ ದೊರೆಯುವ ಸ್ಥಳ ಇನ್ನು ನಿಮ್ಮ ಮನೆಯೊಂದೇ. ವಾರಕ್ಕೆರಡು ದಿನ ಅರ್ಧ ಗಂಟೆ ಸಾಕು. ಮನೆಗೆ ಬಂದ ಮದುವೆಯ ಕರೆಯೋಲೆ, ಊರಿನ ಬಯಲಾಟದ ಕರಪತ್ರ, ದಿನಪತ್ರಿಕೆಯ ಒಂದು ಸುದ್ದಿ, ಬಸ್ಸಿನ ಬೋರ್ಡು, ಏನಾದರೂ ಆಗಬಹುದು. ಈ ಸಂಚಿಕೆಯಲ್ಲಿ ತಂದೆಯ ತರಗತಿಯ ಹಳೆಯ ಭಾವಚಿತ್ರವಿದ್ದರೆ ಅದರ ಕೆಳಗಿನ ಹೆಸರುಗಳನ್ನು ಮಗುವಿನಿಂದ ಓದಿಸಿರಿ. ಅಜ್ಜನ ಪತ್ರಗಳನ್ನು ಓದಲಾರದ ಮೊಮ್ಮಕ್ಕಳು ನಮ್ಮ ಮನೆಗಳಲ್ಲಿ ಈಗಾಗಲೇ ಇದ್ದಾರೆಂಬುದನ್ನು ಎಲ್ಲರೂ ಬಲ್ಲೆವು.

ಕೊನೆಯದಾಗಿ ರಕ್ಷಕ–ಶಿಕ್ಷಕ ಸಂಘದವರಲ್ಲಿ ಒಂದು ವಿಜ್ಞಾಪನೆ. ಪ್ರತಿವರ್ಷ ಪ್ರವೇಶೋತ್ಸವದಂದು ಒಂದನೆಯ ತರಗತಿಯ ಹೆತ್ತವರನ್ನು ಒಂದು ಗಂಟೆ ಕುಳ್ಳಿರಿಸಿ, ಮಗುವಿನ ಓದನ್ನು ಕೇಳುವುದು ಹೇಗೆ, ಪ್ರಶ್ನಿಸುವುದು ಹೇಗೆ ಎಂದು ತೋರಿಸಿಕೊಡಿರಿ. ಓದಲು ಬಾರದವರನ್ನೂ ಕರೆಯಿರಿ. ಇದಕ್ಕೆ ಹಣ ಬೇಡ, ಸರಕಾರದ ಆದೇಶವೂ ಬೇಡ. "ಮನೆಯಲ್ಲಿ ಹೇಳಿಕೊಡುವವರಿಲ್ಲ" ಎಂಬ ಕಾರಣಕ್ಕಾಗಿ ಟಿ.ಸಿ. ಕೇಳಲು ಬರುವವರು ಒಂದಿಬ್ಬರಾದರೂ ಕಡಿಮೆಯಾದರೆ ಆರನೆಯ ಕೆಲಸದ ದಿನದ ಎಣಿಕೆಯಲ್ಲಿ ಅದು ಕಾಣಿಸುತ್ತದೆ.

ಐವತ್ತು ವರ್ಷಗಳ ಕಾಲ ಈ ಊರಿನ ಮಕ್ಕಳಿಗೆ ಅಕ್ಷರ ನೀಡಿದ ನಮ್ಮ ಶಾಲೆಯು ಶತಮಾನೋತ್ಸವವನ್ನೂ ಕಾಣುವಂತಾಗಲಿ, ಊರಿನ ಪ್ರತಿ ಮನೆಯ ಜಗಲಿಯಲ್ಲಿಯೂ ಸಂಜೆ ಮಕ್ಕಳ ಓದಿನ ದನಿ ಕೇಳಿಬರಲಿ ಎಂದು ಹೃತ್ಪೂರ್ವಕವಾಗಿ ಹಾರೈಸುತ್ತೇನೆ.